ನವನಗರದ ಸೈಟು, ಹಳೆ ಓಣಿಯ ಗಿರಣಿ: 25 ವರ್ಷ ಬಾಳಿದ ಮೇಲೆ ಒಂದು ವಿಮರ್ಶೆ

ನಾನು ಬಾಗಲಕೋಟೆಯ ನವನಗರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಹೋದ ವಾರ ಹಳೆ ಊರಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬೀಸಲು ಕೊಟ್ಟ ಜೋಳ ಹಾಗೇ ಇರಲಿ ಅಂತ ಬದಿಗೆ ಕರೆದು ಕೇಳಿದಳು: "ಅಕ್ಕಾ, ಈ ಸಲ ನಮ್ಮ ವಾರ್ಡೂ ಮುಳುಗಡೆ ಲಿಸ್ಟಿನಲ್ಲಿದೆ ಅಂತಾರೆ. ನಿಮಗೆ ಕೊಟ್ಟ ಪುನರ್ವಸತಿ ಚಲೋ ಇತ್ತಾ?" ಒಂದು ಡಬ್ಬಿ ಬೀಸುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲೇ ನನ್ನ ಅಂಕ ಹೇಳಿಬಿಡುತ್ತೇನೆ. ಸೈಟಿಗೆ ಐದಕ್ಕೆ ನಾಲ್ಕು. ಪರಿಹಾರದ ಹಣಕ್ಕೆ ಎರಡು. ನಮ್ಮ ಓಣಿಯನ್ನು ಒಡೆದು ಹಂಚಿದ ರೀತಿಗೆ ಒಂದೂ ಕೊಡಲಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನೀರು ನಿಲ್ಲಿಸುವ ಎತ್ತರ 519.60 ಮೀಟರ್ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿನ್ನೀರು ಕೃಷ್ಣೆಯಿಂದ ಘಟಪ್ರಭೆಗೂ ಹತ್ತಿ ಬಂತು. ಘಟಪ್ರಭೆಯ ದಂಡೆಯಲ್ಲಿದ್ದ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿದವು. ಮುಳುಗಿದವರಿಗೆಂದು ಐದಾರು ಕಿಲೋಮೀಟರ್ ಆಚೆ, ಎತ್ತರದ ಬಯಲಿನಲ್ಲಿ ನವನಗರ ಕಟ್ಟಿದರು. ನಾವು ಇಲ್ಲಿಗೆ ಬಂದದ್ದು 2001ರಲ್ಲಿ. ನಾನು ಈ ಮನೆಗೆ ಸೊಸೆಯಾಗಿ ಬಂದು ಆಗ 12 ವರ್ಷವಾಗಿತ್ತು.

ಸೈಟಿನ ಬಗ್ಗೆ ನನಗೆ ದೂರಿಲ್ಲ. ಹಳೆ ಮನೆ ಮಣ್ಣಿನ ಮಾಳಿಗೆಯದು. ಮಳೆಗಾಲ ಬಂತೆಂದರೆ ಮೇಲೆ ಮಣ್ಣು ಹಾಕಿ ತುಳಿಯಬೇಕು. ಎಷ್ಟು ತುಳಿದರೂ ಎರಡು ಕಡೆ ಸೋರುತ್ತಿತ್ತು. ಓಣಿ ಎಷ್ಟು ಇಕ್ಕಟ್ಟು ಅಂದರೆ ಗಿರಣಿಗೆ ಕಾಳು ತಂದ ಗಾಡಿ ತಿರುಗಿಸಲು ಬರುತ್ತಿರಲಿಲ್ಲ. ಇಲ್ಲಿ ರಸ್ತೆ ಅಗಲ, ಗಟಾರು ಇದೆ, ಮನೆಮನೆಗೆ ಶೌಚಾಲಯ. ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಹಳೆ ಊರಲ್ಲಿ ನಾವು ಕತ್ತಲಾಗುವುದನ್ನು ಕಾಯುತ್ತಿದ್ದೆವು. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹತ್ತಿರವಿದೆ. 1997ರಲ್ಲಿ ಜಿಲ್ಲೆಯಾದ ಮೇಲೆ ಸರಕಾರಿ ಕಚೇರಿಗಳೂ ಇಲ್ಲಿಗೇ ಬಂದವು. ಮೊದಲು ಪ್ರತಿ ಕೆಲಸಕ್ಕೂ ಬಿಜಾಪುರದ ಬಸ್ಸು ಹತ್ತಬೇಕಿತ್ತು.

ಈ ಊರಿನ ನಕ್ಷೆ ಮಾಡಿದವರು ಚಾರ್ಲ್ಸ್ ಕೊರಿಯಾ, ನವಿ ಮುಂಬೈಗೂ ನಕ್ಷೆ ಮಾಡಿದವರು ಎಂದು ನನ್ನ ಮಗ ಹೇಳಿದ. ದೊಡ್ಡವರ ಕೈಗುಣ ಕಾಣುತ್ತದೆ. ಆದರೆ ಮಾರ್ಚ್ ತಿಂಗಳಿಂದ ಈ ಅಗಲ ರಸ್ತೆಗಳ ಬಿಸಿಲು ನೋಡಬೇಕು. ಹಳೆ ಓಣಿಯಲ್ಲಿ ಎದುರು ಮನೆಯ ಗೋಡೆಯೇ ನಮಗೆ ನೆರಳು. ಇಲ್ಲಿ ಗಿಡ ದೊಡ್ಡದಾಗುವ ತನಕ ತಲೆ ಮೇಲೆ ಸೆರಗೇ ಗತಿ. ಒಂದು ಅಂಕ ಕಡಿಮೆ ಮಾಡಿದ್ದು ಅದಕ್ಕೆ.

ಈಗ ಹಣದ ವಿಚಾರ. ಇದನ್ನು ನೀವು ನಿಧಾನವಾಗಿ ಓದಬೇಕು.

ಸರಕಾರದವರು ಅಳತೆಗೆ ಬಂದ ದಿನ ಮನೆಯಲ್ಲಿ ಗಂಡಸರು ಇರಲಿಲ್ಲ. ನಾನೂ ಅತ್ತೆಯೂ ಇದ್ದೆವು. ಇಬ್ಬರು ಟೇಪು ಹಿಡಿದರು, ಒಬ್ಬರು ಬರೆದುಕೊಂಡರು, ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ನಂಬರು ಹಾಕಿದರು. ಅರ್ಧ ತಾಸೂ ಆಗಲಿಲ್ಲ. ಪಡಸಾಲೆಯಲ್ಲಿ ಗಿರಣಿ ಇತ್ತು. ಹತ್ತು ಎಚ್.ಪಿ. ಮೋಟರು, ಕಲ್ಲಿನ ಜೋಡಿ, ಅದನ್ನು ಕೂರಿಸಲು ಮಾವನವರು ಕಟ್ಟಿಸಿದ ಕರಿಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೇ ಕಾಗದ ಇಟ್ಟುಕೊಂಡು ಬರೆದರು. ಎಷ್ಟೋ ತಿಂಗಳ ಮೇಲೆ ಹಾಳೆ ಕೈಗೆ ಬಂತು. ಅದರಲ್ಲಿ "ಪಡಸಾಲೆ, ಮಣ್ಣಿನ ಮಾಳಿಗೆ" ಅಂತಷ್ಟೇ ಇತ್ತು. ಗಿರಣಿ ಎಂಬ ಮಾತೇ ಇಲ್ಲ. ಮೋಟರು ಇಲ್ಲ, ಕಟ್ಟೆ ಇಲ್ಲ, ದಿನಕ್ಕೆ ನಲವತ್ತು ಡಬ್ಬಿ ಬೀಸುತ್ತಿದ್ದ ದಂಧೆ ಇಲ್ಲ.

ಆಗ ನಡೆಯುತ್ತಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ದುಡಿಮೆಗೆ ಆಗುವ ನಷ್ಟ, ದಂಧೆಯ ಜಾಗ ಬದಲಿಸುವ ಖರ್ಚು, ಎರಡನ್ನೂ ಕೇಳಲು ಆ ಕಾಯ್ದೆಯಲ್ಲೂ ದಾರಿ ಇತ್ತು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಕೇಳಿದವರಿಗೆ ಮಾತ್ರ ಆ ದಾರಿ. ನಮ್ಮ ಹತ್ತಿರ ಕರೆಂಟ್ ಬಿಲ್ಲು ಇತ್ತು, ಗಿರಣಿ ಲೈಸೆನ್ಸ್ ಇತ್ತು. ಅವನ್ನು ಹೊರಗೆ ತೆಗೆಯಬೇಕು ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮನೆಗೆ ಬಂದದ್ದು 1 ಲಕ್ಷ 86 ಸಾವಿರ. ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 30 ಸೊಲೇಶಿಯಂ, ಅಂದರೆ ಒತ್ತಾಯದಿಂದ ಜಾಗ ತೆಗೆದುಕೊಂಡದ್ದಕ್ಕೆ ಕೊಡುವ ಹೆಚ್ಚಿನ ಹಣ, ಅದನ್ನು ಸೇರಿಸಿಯೇ ಅಷ್ಟು. ಆ ದುಡ್ಡಿನಲ್ಲಿ ಇಲ್ಲಿ ಎರಡು ಕೋಣೆಗೆ ಗೋಡೆ ಎದ್ದಿತು, ಸ್ಲ್ಯಾಬು ಬೀಳಲಿಲ್ಲ. ಹಳೆ ಮನೆಯ ತೊಲೆ, ಜಂತಿ, ತಲೆಬಾಗಿಲು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದೆವು. ಆ ತಲೆಬಾಗಿಲು ಈಗಲೂ ನಮ್ಮ ಮನೆಗಿದೆ. ಹೊಸ ಗೋಡೆಗೆ ಅದು ಗಿಡ್ಡ, ಎತ್ತರದವರು ತಲೆ ಬಗ್ಗಿಸಿ ಬರಬೇಕು.

ಮಾವನವರು ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದರು. ಹಣ ತೆಗೆದುಕೊಳ್ಳುವಾಗ ಸಹಿಯ ಮೇಲೆ "ತಕರಾರು ಇಟ್ಟು ಪಡೆದಿದ್ದೇನೆ" ಎಂದು ಸ್ವಂತ ಕೈಯಿಂದ ಬರೆದರು. ಪಕ್ಕದ ಮನೆಯ ನಿವೃತ್ತ ಮಾಸ್ತರರು ಹೇಳಿಕೊಟ್ಟ ಮಾತು ಅದು. ಆಮೇಲೆ ಆರು ವಾರದ ಒಳಗೆ ಪರಿಹಾರ ಹೆಚ್ಚಿಸಿ ಅಂತ ಅರ್ಜಿ ಹಾಕಿದರು. ಹಾಗೆ ಬರೆಯದೆ ಸಹಿ ಮಾಡಿದ ಅಕ್ಕಪಕ್ಕದವರು ಮುಂದೆ ಕೋರ್ಟಿನಲ್ಲಿ ಬಹಳ ಕಷ್ಟಪಟ್ಟರು. ನಮ್ಮ ಕೇಸು ಎಂಟು ವರ್ಷ ನಡೆಯಿತು. ಮೊತ್ತ ಹೆಚ್ಚಾಯಿತು, ಮೇಲೆ ಬಡ್ಡಿಯೂ ಬಂತು. ವಕೀಲರ ಫೀಜು, ಮನೆ ಕಟ್ಟಲು ಮಾಡಿದ ಸಾಲ, ಸಾಲದ ಬಡ್ಡಿ ಕಳೆದು ಕೈಯಲ್ಲಿ ಉಳಿದದ್ದರಲ್ಲಿ ಗಿರಣಿಗೆ ಹೊಸ ಕಲ್ಲು ಬಂತು, ಅಷ್ಟೇ. ಸಿಕ್ಕ ಹಣ ಕಡಿಮೆ ಅಂತ ಮಾತ್ರವಲ್ಲ ನನ್ನ ದೂರು. ಮನೆ ಕಟ್ಟುವ ವರ್ಷ ಬೇಕಾಗಿದ್ದ ಹಣ ಎಂಟು ವರ್ಷ ಬಿಟ್ಟು ಬಂತು.

ಈಗ ಓಣಿಯ ಮಾತು.

ನಮ್ಮ ಹಳೆ ಓಣಿಯಲ್ಲಿ ಸುಮಾರು ಅರವತ್ತು ಮನೆ. ಬೆಳಗ್ಗೆ ಎಂಟಕ್ಕೆ ಗಿರಣಿ ಮುಂದೆ ಡಬ್ಬಿಗಳ ಸಾಲು. ಯಾರದೆಂದು ಕೇಳುವ ಅಗತ್ಯ ಇರಲಿಲ್ಲ. ಮುಚ್ಚಳಕ್ಕೆ ಹಳೆ ಸೀರೆಯ ಚೂರು ಕಟ್ಟಿದ್ದು ಇವರದು, ಒಂದು ಕಿವಿ ಮುರಿದ ಡಬ್ಬಿ ಅವರದು, ಎಣ್ಣೆ ಡಬ್ಬಿ ಕತ್ತರಿಸಿ ಹಿಡಿಕೆ ಹಾಕಿಸಿದ್ದು ಮೂಲೆಮನೆಯದು. ದಿನಾ ಬೇಕಾದಷ್ಟೇ ಜೋಳ ತರುತ್ತಿದ್ದರು. ಎರಡು ಸೇರು, ಮೂರು ಸೇರು. ಬೀಸಿದ ಬಿಸಿ ಹಿಟ್ಟು ಮನೆಗೆ ಹೋಗಿ ಅದೇ ಹೊತ್ತಿಗೆ ರೊಟ್ಟಿ ಆಗುತ್ತಿತ್ತು. ಕಾಸಿಲ್ಲದವರು ಶನಿವಾರ ಕೊಡುತ್ತಿದ್ದರು.

ನವನಗರದಲ್ಲಿ ಸೈಟು ಹಂಚುವಾಗ ಈ ಅರವತ್ತು ಮನೆ ಚೆಲ್ಲಾಪಿಲ್ಲಿಯಾದವು. ಒಬ್ಬರು ಒಂದು ಸೆಕ್ಟರ್, ಇನ್ನೊಬ್ಬರು ಎಲ್ಲೋ ದೂರದ ಸೆಕ್ಟರ್. ಕೆಲವರು ಹಣ ತೆಗೆದುಕೊಂಡು ಹಳೆ ಊರಲ್ಲೇ ಮೇಲಿನ ಓಣಿಗೆ ಬಾಡಿಗೆಗೆ ಹೋದರು. ನಾವು ಗಿರಣಿ ಹಾಕಿದಾಗ ಸುತ್ತಮುತ್ತ ಅರ್ಧ ಸೈಟುಗಳು ಖಾಲಿ. ಮೊದಲ ತಿಂಗಳು ದಿನಕ್ಕೆ ನಾಲ್ಕು ಡಬ್ಬಿ ಬಂದರೆ ಹೆಚ್ಚು. ಮೋಟರು ಓಡಿಸಿದ ಕರೆಂಟಿನ ದುಡ್ಡೂ ಹುಟ್ಟುತ್ತಿರಲಿಲ್ಲ.

ಮೂಲೆಮನೆಯ ಅಜ್ಜಿ ದೂರದ ಸೆಕ್ಟರಿನಿಂದ ಆಟೋದಲ್ಲಿ ಬರುತ್ತಿದ್ದಳು. ಆಟೋ ಖರ್ಚು ಉಳಿಸಲು ಹದಿನೈದು ದಿನದ ಜೋಳ ಒಂದೇ ಸಲ ತರುತ್ತಿದ್ದಳು. ನಾನು ಬೇಡ ಅಂದೆ. ರೊಟ್ಟಿ ಮಾಡುವವರಿಗೆ ಗೊತ್ತು, ಜೋಳದ ಹಿಟ್ಟು ನಾಲ್ಕು ದಿನ ಇಟ್ಟರೆ ಜಿಗಿ ಹೋಗುತ್ತದೆ. ಬಡಿಯುವಾಗ ಅಂಚು ಸೀಳುತ್ತದೆ. ಇನ್ನೂ ಇಟ್ಟರೆ ಕಹಿ. ಮುಂದಿನ ಸಲ ಬಂದಾಗ ಸೆರಗಿನಲ್ಲಿ ಒಂದು ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಅಂಚೆಲ್ಲ ಸೀಳಿ ನಕ್ಷತ್ರದ ಹಾಗೆ ಆಗಿತ್ತು. "ನನ್ನ ಕೈಯ ರೊಟ್ಟಿ ಹಿಂಗ ಯಾವತ್ತಾದ್ರೂ ಆಗಿತ್ತೇನ?" ಎಂದು ಕೇಳಿದಳು. ಓಣಿಯಲ್ಲಿ ಯಾರ ಮದುವೆಯಾದರೂ ರೊಟ್ಟಿ ಬಡಿಯಲು ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಅವಳಿಗೆ ಸೈಟು ಸಿಕ್ಕಿತ್ತು, ಮನೆಯೂ ಸಿಕ್ಕಿತ್ತು. ಲೆಕ್ಕದ ಪ್ರಕಾರ ಅವಳಿಗೆ ಯಾವುದೂ ಬಾಕಿ ಇರಲಿಲ್ಲ.

ಹೋಳಿ ಬಂದಾಗ ಇದು ಎಲ್ಲರಿಗೂ ಕಾಣುತ್ತದೆ. ಬಾಗಲಕೋಟೆಯ ಹೋಳಿ ಓಣಿಗಳ ಹೋಳಿ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಓಣಿಯ ಹೆಸರಿನಲ್ಲೇ ಹಲಗಿ, ಓಣಿಯ ಹೆಸರಿನಲ್ಲೇ ಬಣ್ಣದ ಬಂಡಿ. ನವನಗರದ ಹುಡುಗರು ಈಗಲೂ ಬಣ್ಣ ಆಡಲು ಹಳೆ ಊರಿಗೇ ಹೋಗುತ್ತಾರೆ. ಸೆಕ್ಟರ್ ನಂಬರಿಗೆ ಹಲಗಿ ಬಾರಿಸಲು ಬರುವುದಿಲ್ಲ ಅಲ್ವಾ.

ನಮ್ಮ ಗಿರಣಿ ನಿಂತುಕೊಳ್ಳಲು ಆರು ವರ್ಷ ಹಿಡಿಯಿತು. ಈಗ ಚೆನ್ನಾಗಿದೆ. ಆದರೆ ಆ ಆರು ವರ್ಷದಲ್ಲಿ ನನ್ನ ಯಜಮಾನರು ಸಿಮೆಂಟ್ ಅಂಗಡಿಯಲ್ಲಿ ಮೂಟೆ ಹೊತ್ತರು. ನಾನು ಒಬ್ಬಳೇ ಗಿರಣಿ ನೋಡಿಕೊಂಡೆ. ಕಲ್ಲು ಕಟೆಯುವುದನ್ನೂ ಆಗಲೇ ಕಲಿತೆ.

ಈಗ ನಿಮ್ಮ ಸರದಿ. ಅಣೆಕಟ್ಟಿನ ಎತ್ತರ 524.256 ಮೀಟರಿಗೆ ಏರಿಸಲು ಕೃಷ್ಣಾ ನೀರು ಹಂಚಿಕೆಯ ಟ್ರಿಬ್ಯೂನಲ್ 2010ರಲ್ಲೇ ಒಪ್ಪಿದೆ. ಇದು ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತ. ಮುಳುಗಡೆಗೆ 75,563 ಎಕರೆ, ಜೊತೆಗೆ 20 ಹಳ್ಳಿ, ಬಾಗಲಕೋಟೆಯ 11 ವಾರ್ಡ್. ಮುಳುಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಹೊಲಕ್ಕೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ಸರಕಾರ ತೀರ್ಮಾನಿಸಿತು. ನಮ್ಮ ಕಾಲಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡ ಮೊತ್ತ, ಒಪ್ಪುತ್ತೇನೆ. ಆದರೆ ಇದು ಒಪ್ಪಂದದ ಐತೀರ್ಪು, ಅಂದರೆ ಎರಡೂ ಕಡೆಯವರು ಒಪ್ಪಿ ಮಾಡಿಕೊಂಡ ಪರಿಹಾರದ ತೀರ್ಮಾನ. ಸಹಿ ಹಾಕಿದ ಮೇಲೆ ದರ ಕಡಿಮೆಯಾಯಿತೆಂದು ಕೋರ್ಟಿಗೆ ಹೋಗಲು ಬರುವುದಿಲ್ಲ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಓದಿಸಿ, ತಿಳಿದುಕೊಂಡು ಸಹಿ ಮಾಡಿ.

ಕಾಯ್ದೆಯೂ ಬದಲಾಗಿದೆ. 2013ರ ಹೊಸ ಕಾಯ್ದೆ ನಮ್ಮ ಕಾಲದ್ದಕ್ಕಿಂತ ಎಷ್ಟೋ ವಾಸಿ. ಸೊಲೇಶಿಯಂ ಶೇಕಡಾ 100. ಸಣ್ಣ ಅಂಗಡಿಯವರಿಗೆ, ಕಸುಬಿನವರಿಗೆ ಕನಿಷ್ಠ 25,000 ಬೇರೆ ಕೊಡಬೇಕು ಅಂತಿದೆ. ಮೊತ್ತ ಸಣ್ಣದು, ಆದರೆ ಗಿರಣಿ ಎಂಬ ಮಾತು ಕಾಗದದಲ್ಲಿ ಬರುತ್ತದಲ್ಲ, ಅದೇ ದೊಡ್ಡದು. ಮೂರು ವರ್ಷದಿಂದ ಅಲ್ಲೇ ದುಡಿದು ತಿನ್ನುವ ಬಾಡಿಗೆಯವರೂ ಸಂತ್ರಸ್ತರ ಲೆಕ್ಕಕ್ಕೆ ಬರುತ್ತಾರೆ. ವಯಸ್ಸಿಗೆ ಬಂದ ಮಗನಾಗಲಿ ಮಗಳಾಗಲಿ ಬೇರೆ ಕುಟುಂಬವೆಂದೇ ಲೆಕ್ಕ. ವಿಧವೆಯರು, ಗಂಡ ಬಿಟ್ಟವರು ಕೂಡ. ನನ್ನ ನಾದಿನಿ ಗಂಡ ಬಿಟ್ಟು ನಮ್ಮ ಮನೆಯಲ್ಲೇ ಇದ್ದಳು. 2001ರಲ್ಲಿ ಅವಳ ಹೆಸರು ಯಾವ ಹಾಳೆಯಲ್ಲೂ ಬರಲಿಲ್ಲ. ಇಂದು ಆಗಿದ್ದರೆ ಬರುತ್ತಿತ್ತು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಸರ್ವೆ ದಿನವೇ ಅವರ ಹೆಸರು ಬರೆಸಿ.

ಆ ದಿನ ಮನೆ ಬಿಟ್ಟು ಎಲ್ಲೂ ಹೋಗಬೇಡಿ. ಹೆಂಗಸರಿಗೆ ಏನು ಗೊತ್ತಾಗುತ್ತದೆ ಅಂತ ಸುಮ್ನೆ ಒಳಗೆ ಕೂರಬೇಡಿ. ಬರೆದುಕೊಂಡದ್ದನ್ನು ಜೋರಾಗಿ ಓದಿ ಹೇಳಿ ಅನ್ನಿ. ಮೊಬೈಲಿನಲ್ಲಿ ಒಂದೊಂದು ಕೋಣೆಯ ಫೋಟೊ ತೆಗೆಯಿರಿ. ಹೊಲಿಗೆ ಮಷೀನು, ಗಿರಣಿ, ದನದ ಕೊಟ್ಟಿಗೆ, ಹಿತ್ತಲ ಬಾವಿ, ಬೇವಿನ ಗಿಡ, ಒಂದೂ ಬಿಡಬೇಡಿ.

ಎಲ್ಲಕ್ಕಿಂತ ಮೊದಲು ಓಣಿಯವರೆಲ್ಲ ಸೇರಿ ಒಂದು ಅರ್ಜಿ ಬರೆಯಿರಿ. ನಮ್ಮ ಓಣಿಗೆ ಒಂದೇ ಕಡೆ ಸಾಲಾಗಿ ಸೈಟು ಕೊಡಿ ಅಂತ. ಸರಕಾರಕ್ಕೆ ಇದರಿಂದ ಒಂದು ರೂಪಾಯಿಯೂ ಜಾಸ್ತಿ ಖರ್ಚಿಲ್ಲ. ಚೀಟಿ ಎತ್ತುವುದಾದರೆ ಮನೆ ಮನೆಗೆ ಬೇಡ, ಓಣಿ ಓಣಿಗೆ ಎತ್ತಲಿ. ನಾವು ಇದನ್ನು ಕೇಳಲಿಲ್ಲ. ನಮಗೆ ಹೊಳೆಯಲೇ ಇಲ್ಲ.

ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ನಾನು ಒಮ್ಮೆ ಹಳೆ ಜಾಗಕ್ಕೆ ಹೋಗಿದ್ದೆ. ಗೋಡೆ ಕರಗಿ ಹೋಗಿವೆ. ಗಿರಣಿಯ ಕರಿಕಲ್ಲಿನ ಕಟ್ಟೆ ಹಾಗೇ ಇದೆ, ಮೋಟರು ಬಿಗಿದಿದ್ದ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು ನಿಂತಿವೆ. ಅದರ ಫೋಟೊವನ್ನು ಆ ಅಳತೆಯ ಹಾಳೆಯ ಜೊತೆಗೆ ಇಟ್ಟಿದ್ದೇನೆ. ಮಾವನವರು ತಕರಾರು ಬರೆದು ಸಹಿ ಮಾಡಿದ ಕಾಗದದ ನಕಲೂ ಇದೆ. ಹೇಗೆ ಬರೆಯಬೇಕು ಅಂತ ನೋಡಬೇಕಿದ್ದರೆ ಬನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕು ಗಿರಣಿ ಬಂದ್ ಇರುತ್ತದೆ, ಆಗ ಕೂತು ಮಾತಾಡಬಹುದು.