ನಾಲ್ಕು ಸ್ಟಾರ್ ಕೊಟ್ಟೆ, ಒಂದನ್ನು ಇಂಗು ತಿಂದುಹಾಕಿತು

ಜಯನಗರದ ಕಡೆ ಇರುವ ಈ ಸಸ್ಯಾಹಾರಿ ಹೋಟೆಲಿಗೆ ಐದರಲ್ಲಿ ನಾಲ್ಕು ಸ್ಟಾರ್. ಕಡಿಮೆಯಾದ ಒಂದಕ್ಕೆ ಕಾರಣ ಇಂಗು. ಅದನ್ನು ಆಮೇಲೆ ಹೇಳುತ್ತೇನೆ. ಹೋಟೆಲಿನ ಹೆಸರು ಬೇಕೆಂದೇ ಹಾಕಿಲ್ಲ, ಏಕೆಂದರೆ ದೂರೂ ಇದೆ, ಮಾಲೀಕರು ಒಳ್ಳೆಯವರು, ಸುಮ್ನೆ ಜಗಳ ಬೇಡ.

ರುಚಿಯ ಮಾತು ಮೊದಲು ಮುಗಿಸಿಬಿಡೋಣ. ಇಡ್ಲಿ ಮೆತ್ತಗಿದೆ, ಸಾರು ಚೆನ್ನಾಗಿದೆ, ಪೂರಿಗೆ ಎಣ್ಣೆ ಸ್ವಲ್ಪ ಜಾಸ್ತಿ, ಉತ್ತರ ಭಾರತದ ಗ್ರೇವಿಗಳೆಲ್ಲ ಒಂದೇ ತರ ಇವೆ. ಇಂಥ ಹೋಟೆಲ್ ಬೆಂಗಳೂರಿನಲ್ಲಿ ಬೀದಿಗೆ ಎರಡು ಸಿಗುತ್ತವೆ. ನಾವು ಇಲ್ಲಿಗೇ ಹೋಗುವುದಕ್ಕೆ ಕಾರಣ ಬೇರೆ. ನಮ್ಮ ಗುಂಪಿನಲ್ಲಿ ಒಬ್ಬಳು ಜೈನ ಗೆಳತಿ ಇದ್ದಾಳೆ. ರಂಜಾನಿನಲ್ಲಿ ಉಪವಾಸ ಮಾಡುವ ಗೆಳೆಯ ಇದ್ದಾನೆ. ಹಾಲು ತುಪ್ಪ ಏನೂ ಮುಟ್ಟದ ವೀಗನ್ ಒಬ್ಬಳು. ನನ್ನ ತಮ್ಮನಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಒಂದು ಚೂರು ಹೋದರೂ ಕರುಳಿಗೆ ಪೆಟ್ಟು. ಊರಿನಿಂದ ಬಂದಾಗ ದೊಡ್ಡಮ್ಮನೂ ಜೊತೆಗಿರುತ್ತಾರೆ, ಅವರದು ಬೇರೆಯೇ ಪಂಚಾಂಗ. ಇಷ್ಟು ಜನರನ್ನು ಒಂದೇ ಮೇಜಿಗೆ ಕೂರಿಸಿ ಎಲ್ಲರೂ ಹೊಟ್ಟೆ ತುಂಬಾ ತಿಂದು ಏಳಬೇಕು ಎಂದರೆ "ಶುದ್ಧ ಸಸ್ಯಾಹಾರಿ" ಎಂಬ ಬೋರ್ಡ್ ಸಾಲದು ಸ್ವಾಮಿ. ಆ ಬೋರ್ಡ್ ಹೇಳುವುದು ಮಾಂಸ ಮೊಟ್ಟೆ ಇಲ್ಲ ಎನ್ನುವುದನ್ನು ಮಾತ್ರ. ಒಳಗೆ ಏನೇನು ಇದೆ ಎಂದು ಅದು ಹೇಳುವುದಿಲ್ಲ.

ಜೈನ ಗೆಳತಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ "ಜೈನ್" ಎನ್ನುವ ಪದ ಎಲ್ಲ ಮೆನುಗಳಲ್ಲೂ ಇರುತ್ತದೆ, ಅರ್ಥ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಹೆಚ್ಚಿನ ಹೋಟೆಲ್‌ಗಳ ಲೆಕ್ಕದಲ್ಲಿ ಜೈನ್ ಎಂದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು, ಅಷ್ಟೇ. ಆಲೂಗಡ್ಡೆ ಆರಾಮಾಗಿ ಒಳಗೇ ಕೂತಿರುತ್ತದೆ! ನೆಲದೊಳಗೆ ಬೆಳೆಯುವ ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಯಾವುದೂ ಅವಳಿಗೆ ಆಗುವುದಿಲ್ಲ. ಹಸಿ ಶುಂಠಿ ಬೇಡ, ಒಣ ಶುಂಠಿ ಆಗುತ್ತದೆ. ಇನ್ನೊಂದು ವಿಷಯ ಹೋಟೆಲಿನವರಿಗೆ ಹೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ಕಾಯಿಸದ ಮೊಸರನ್ನು ಬೇಳೆಯ ಪದಾರ್ಥದ ಜೊತೆ ಸೇರಿಸಿ ಅವಳು ತಿನ್ನುವುದಿಲ್ಲ. ಅಂದರೆ ಮೊಸರು ವಡೆ ಹೊರಗೆ. ಈರುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ, ಆದರೂ ಹೊರಗೆ. ಜೈನರೆಲ್ಲರೂ ಇಷ್ಟು ಕಟ್ಟುನಿಟ್ಟು ಅಂತಲ್ಲ, ಮನೆಯಿಂದ ಮನೆಗೆ ವ್ಯತ್ಯಾಸ ಇದೆ. ಅದಕ್ಕೇ ಕೇಳಬೇಕು, ಊಹಿಸಬಾರದು.

ಈ ಹೋಟೆಲಿನಲ್ಲಿ ಕೇಳುತ್ತಾರೆ. ಮೊದಲ ಸಲ ಹೋದಾಗ ಸಪ್ಲೈಯರ್ ಅಣ್ಣ "ಜೈನ್ ಅಂದ್ರೆ ಆಲೂಗಡ್ಡೆನೂ ಬೇಡ ತಾನೇ ಅಕ್ಕ, ಶುಂಠಿ ನಡೆಯುತ್ತಾ?" ಎಂದು ಕೇಳಿದಾಗ ಗೆಳತಿ ನನ್ನ ಮುಖ ನೋಡಿದಳು. ಮಸಾಲೆ ದೋಸೆಗೆ ಬಾಳೆಕಾಯಿ ಪಲ್ಯ ಹಾಕಿಕೊಡುತ್ತಾರೆ. ನಿಜ ಹೇಳಬೇಕೆಂದರೆ ಆಲೂಗಡ್ಡೆ ಪಲ್ಯಕ್ಕಿಂತ ಅದೇ ಚೆನ್ನಾಗಿದೆ, ಜೈನರಲ್ಲದ ನಾವೂ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತೇವೆ. ಬೆಲೆಯೂ ಒಂದೇ. ಬೇರೆ ಕಡೆ ಈರುಳ್ಳಿ ತೆಗೆದಿದ್ದಕ್ಕೆ ಹೆಚ್ಚು ದುಡ್ಡು ವಸೂಲಿ ಮಾಡಿದ್ದನ್ನೂ ನೋಡಿದ್ದೇವೆ. ಹಾಕದ ಈರುಳ್ಳಿಗೆ ಬಿಲ್!

ಊಟದ ವಿಷಯದಲ್ಲಿ ಹೊತ್ತೂ ಮುಖ್ಯ ಎಂದು ನನಗೆ ಗೊತ್ತಾಗಿದ್ದು ಇಲ್ಲೇ. ಗೆಳತಿ ಜೈನರ ಪರ್ಯೂಷಣ ಹಬ್ಬದ ದಿನಗಳಲ್ಲಿ, ಇನ್ನೂ ಕೆಲವು ತಿಥಿಗಳಲ್ಲಿ ಚೌವಿಹಾರ ಮಾಡುತ್ತಾಳೆ, ಸೂರ್ಯ ಮುಳುಗಿದ ಮೇಲೆ ನೀರೂ ಕುಡಿಯುವುದಿಲ್ಲ. ಗೆಳೆಯನದು ಪೂರ್ತಿ ಉಲ್ಟಾ. ರಂಜಾನಿನಲ್ಲಿ ಸೂರ್ಯ ಮುಳುಗುವ ತನಕ ನೀರೂ ಕುಡಿಯುವಂತಿಲ್ಲ. ಒಮ್ಮೆ ರಂಜಾನ್ ತಿಂಗಳಿನಲ್ಲಿ, ಅವಳದೂ ಚೌವಿಹಾರ ಇದ್ದ ದಿನ, ಎಲ್ಲರೂ ಸೇರುವುದು ಎಂದಾಯಿತು. ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು. ಒಬ್ಬಳು ಆರೂವರೆಗೆ ಮುಗಿಸಬೇಕು, ಇನ್ನೊಬ್ಬ ಆರೂವರೆಗೆ ಶುರು ಮಾಡಬೇಕು. ಸಾಮಾನ್ಯವಾಗಿ ನಮ್ಮ ಹೋಟೆಲ್‌ಗಳಲ್ಲಿ ರಾತ್ರಿ ಊಟ ಏಳಕ್ಕೆ. ಅದಕ್ಕೂ ಮುಂಚೆ ಕೇಳಿದರೆ "ಈಗ ಟಿಫಿನ್ ಮಾತ್ರ" ಎನ್ನುತ್ತಾರೆ.

ಇಲ್ಲಿ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೆವು. ಐದೂವರೆಗೇ ಅವಳಿಗೆ ಅನ್ನ, ಈರುಳ್ಳಿ ಇಲ್ಲದ ಸಾರು, ಬಾಳೆಕಾಯಿ ಪಲ್ಯ ಬಂತು. ಇವನಿಗೆ ನೀರಿನ ಲೋಟ, ಒಂದು ತಟ್ಟೆ ಹಣ್ಣು ತಂದು ಮೇಜಿನ ಮೇಲೆ ಇಟ್ಟು ಹೋದರು, ಖರ್ಜೂರ ಇವನೇ ಜೇಬಿನಲ್ಲಿ ತಂದಿದ್ದ. ಯಾರೂ "ಏನ್ ತಗೋತೀರಾ, ಏನ್ ತಗೋತೀರಾ" ಎಂದು ಪೀಡಿಸಲಿಲ್ಲ, ಖಾಲಿ ಕೂತಿದ್ದಾನೆ ಎಂದು ಸೀಟು ಬಿಡಿಸಲೂ ಬರಲಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಇದು ಸಣ್ಣ ಮಾತಲ್ಲ, ಹಿಂದೆ ನಿಂತು ಕಾಯುವವರ ಹೊಟ್ಟೆ ಗುರುಗುಟ್ಟುವುದು ನಮಗೇ ಕೇಳಿಸುವ ಊರು ಇದು.

ಮುಸ್ಲಿಂ ಗೆಳೆಯನಿಗೆ ಸಸ್ಯಾಹಾರಿ ಹೋಟೆಲ್ ಸುಲಭ, ಮಾಂಸ ಹಲಾಲೋ ಅಲ್ಲವೋ ಎನ್ನುವ ಪ್ರಶ್ನೆಯೇ ಬರುವುದಿಲ್ಲ. ಒಂದೇ ಒಂದು ಸೂಕ್ಷ್ಮ ಇದೆ. ಹಬ್ಬದ ದಿನ ಇಲ್ಲಿ ದೇವರಿಗೆ ನೈವೇದ್ಯ ಮಾಡಿದ ಕೇಸರಿಬಾತನ್ನು ಎಲ್ಲ ಮೇಜಿಗೂ ಕೊಡುತ್ತಾರೆ. ದೇವರಿಗೆ ಇಟ್ಟಿದ್ದನ್ನು ಕೆಲವರು ತಿನ್ನುವುದಿಲ್ಲ, ಮುಸ್ಲಿಮರಲ್ಲೂ ಕ್ರೈಸ್ತರಲ್ಲೂ ಅಂಥವರು ಇದ್ದಾರೆ. ಎಲೆ ಮೇಲೆ ಹಾಕಿಬಿಟ್ಟರೆ ಬೇಡ ಎನ್ನಲು ಸಂಕೋಚ. ಇಲ್ಲಿ ಹಾಕುವ ಮುಂಚೆ "ಪ್ರಸಾದ ಇದು, ಕೊಡಲಾ?" ಎಂದು ಎಲ್ಲರನ್ನೂ ಒಂದೇ ದನಿಯಲ್ಲಿ ಕೇಳುತ್ತಾರೆ. ಅವನೊಬ್ಬನನ್ನೇ ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು.

ಇನ್ನು ದೊಡ್ಡಮ್ಮ. ಮಾಧ್ವರ ಚಾತುರ್ಮಾಸ್ಯ ಗೊತ್ತಿದ್ದವರಿಗೆ ಇದು ಹೊಸದಲ್ಲ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾಲ್ಕು ತಿಂಗಳು, ತಿಂಗಳಿಗೊಂದು ವ್ರತ. ಮೊದಲು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ಕೊನೆಗೆ ದ್ವಿದಳವ್ರತ, ಬೇಳೆಕಾಳು ಇಲ್ಲ. ತೀರಾ ಮಡಿಯವರು ಹೋಟೆಲಿನ ಕಡೆ ತಲೆಯೇ ಹಾಕುವುದಿಲ್ಲ. ದೊಡ್ಡಮ್ಮ ಪ್ರಯಾಣದಲ್ಲಿ ಸ್ವಲ್ಪ ಸಡಿಲ, ಆದರೆ ತಿಂಗಳ ವ್ರತ ಮಾತ್ರ ಬಿಡುವುದಿಲ್ಲ. ಬೇಳೆ ಇಲ್ಲದ ತಿಂಗಳಲ್ಲಿ ಉಡುಪಿ ಶೈಲಿಯ ಹೋಟೆಲಿನಲ್ಲಿ ಏನು ತಿನ್ನುತ್ತೀರಿ ಹೇಳಿ? ಇಡ್ಲಿಯಲ್ಲಿ ಉದ್ದು, ದೋಸೆಯಲ್ಲಿ ಉದ್ದು, ವಡೆ ಪೂರ್ತಿ ಉದ್ದು, ಹುಳಿಯಲ್ಲಿ ತೊಗರಿ, ಚಟ್ನಿಯಲ್ಲಿ ಹುರಿಗಡಲೆ, ಉಪ್ಪಿಟ್ಟಿನ ಒಗ್ಗರಣೆಯಲ್ಲೂ ಕಡಲೆಬೇಳೆ. ಕ್ಯಾಷ್ ಕೌಂಟರಿನಲ್ಲಿ ಕೂತಿದ್ದ ಭಟ್ಟರಿಗೆ ಹೇಳಿದ್ದಕ್ಕೆ "ಅಮ್ಮ, ಆ ಲೆಕ್ಕದ ಅಡುಗೆ ಇಲ್ಲಿ ಆಗಲ್ಲ, ಮೊಸರನ್ನ ಒಗ್ಗರಣೆ ಇಲ್ಲದೆ ಕಲಸಿಕೊಡ್ತೀನಿ, ಬಾಳೆಹಣ್ಣು ಇದೆ" ಎಂದರು. ದೊಡ್ಡಮ್ಮ ಖುಷಿಯಾಗಿ ತಿಂದರು. ಎಲ್ಲ ಆಗುತ್ತದೆ ಎಂದು ಹೇಳಿ ಯಾವುದೋ ಸಾರು ತಂದಿಟ್ಟಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ, ನಮಗೂ ಗೊತ್ತಾಗುತ್ತಿರಲಿಲ್ಲ. "ಆಗಲ್ಲ" ಎಂದರಲ್ಲ, ಅದಕ್ಕೇ ನಾನು ಈ ಹೋಟೆಲನ್ನು ನಂಬುವುದು.

ಏಕಾದಶಿಯ ವಿಷಯದಲ್ಲಿ ಮಾತ್ರ ಇವರು ಇನ್ನೂ ಕಲಿಯಬೇಕು. ಏಕಾದಶಿ ಮೆನು ಎಂದು ಅವಲಕ್ಕಿ, ಉಪ್ಪಿಟ್ಟು ಇಡುತ್ತಾರೆ. ನಮ್ಮ ಕಡೆ ಅನೇಕ ಮನೆಗಳಲ್ಲಿ ಫಲಾಹಾರ ಎಂದರೆ ಇದೇ, ಅನ್ನದ ಮುಸುರೆ ಮಾತ್ರ ಬೇಡ ಎನ್ನುವ ಲೆಕ್ಕ. ಆದರೆ ಉತ್ತರದ ಕಡೆಯವರಿಗೆ ಅಕ್ಕಿ ಗೋಧಿ ಯಾವ ರೂಪದಲ್ಲೂ ಆಗುವುದಿಲ್ಲ, ಸಬ್ಬಕ್ಕಿ ಬೇಕು, ಸೈಂಧವ ಉಪ್ಪು ಬೇಕು. ಬೆಂಗಳೂರಿನಲ್ಲಿ ಅಂಗಡಿ ಇಟ್ಟ ಮೇಲೆ ಅವರೂ ಬರುತ್ತಾರೆ ಅಲ್ವಾ? ಒಂದು ಸಬ್ಬಕ್ಕಿ ಕಿಚಡಿ ಸೇರಿಸಿದರೆ ಮುಗಿಯಿತು.

ವೀಗನ್ ಗೆಳತಿಯ ಕತೆ ಚಿಕ್ಕದು. ಹಸಿರು ಚುಕ್ಕೆ ಇದ್ದರೂ ಅವಳಿಗೆ ಉಪಯೋಗ ಇಲ್ಲ, ಹಾಲು ತುಪ್ಪಕ್ಕೂ ಅದೇ ಚುಕ್ಕೆ. ವೀಗನ್ ಪದಾರ್ಥಗಳಿಗೆ ಸರ್ಕಾರ 2022ರಲ್ಲಿ ಬೇರೆ ನಿಯಮ, ಬೇರೆ ಗುರುತು ತಂದಿದೆ, ಅದೆಲ್ಲ ಪ್ಯಾಕೆಟಿನ ಮೇಲೆ. ದೋಸೆ ಕಾವಲಿಯ ಮೇಲೆ ಯಾವ ಗುರುತೂ ಇರುವುದಿಲ್ಲ. ತುಪ್ಪ ಬೇಡ ಎಂದಾಗ ಹೊಸ ಹುಡುಗನೊಬ್ಬ "ಹಂಗಾದ್ರೆ ಬೆಣ್ಣೆ ಹಾಕ್ಲಾ ಮೇಡಂ?" ಎಂದ, ಎಲ್ಲರೂ ನಕ್ಕೆವು. ಆಮೇಲೆ ಒಳಗಿನಿಂದ ಹಳೆಯ ದೋಸೆ ಭಟ್ಟರು ಬಂದು, ಕಾವಲಿಗೆ ಬೆಳಿಗ್ಗೆಯಿಂದ ತುಪ್ಪ ಬಿದ್ದಿದೆ, ತೊಳೆದು ಎಣ್ಣೆಯಲ್ಲಿ ಮಾಡಿಕೊಡಲು ಹತ್ತು ನಿಮಿಷ ಬೇಕು ಎಂದರು. ಕಾದೆವು. ಕಾಫಿಗೆ ಮಾತ್ರ ದಾರಿ ಇಲ್ಲ, ಡಿಕಾಕ್ಷನ್ನಿಗೆ ಬೆಲ್ಲ ಹಾಕಿ ಕೊಡುತ್ತಾರೆ, ಅದನ್ನು ಅವಳು ಕುಡಿಯುತ್ತಾಳೆ, ನಾನು ಕುಡಿಯಲಾರೆ.

ಈಗ ಇಂಗು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಎಂಬ ಗಾದೆ ಇದೆ. ನನ್ನ ತಮ್ಮನಿಗೆ ಆ ಇಂಗೇ ಶತ್ರು. ಅಂಗಡಿಯಲ್ಲಿ ಸಿಗುವ ಡಬ್ಬದ ಇಂಗು ಬರೀ ಇಂಗಲ್ಲ. ನಿಜವಾದ ಇಂಗು ತುಂಬಾ ಘಾಟು, ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಹದ ಮಾಡುತ್ತಾರೆ. ಆ ಹಿಟ್ಟು ಎಷ್ಟೋ ಬ್ರ್ಯಾಂಡುಗಳಲ್ಲಿ ಮೈದಾ, ಕೆಲವದರಲ್ಲಿ ಅಕ್ಕಿ ಹಿಟ್ಟು. ಇವರ ಮೆನುವಿನಲ್ಲಿ ಇಡ್ಲಿ ಸಾಂಬಾರಿನ ಎದುರು "ಗ್ಲೂಟನ್ ಫ್ರೀ" ಎಂದು ಬರೆದಿದೆ, ಅಂದರೆ ತಮ್ಮನಿಗೆ ಆಗದ, ಗೋಧಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನ್ ಇದರಲ್ಲಿ ಇಲ್ಲ ಎಂದು. ಸಾಂಬಾರಿಗೆ ಯಾವ ಇಂಗು ಎಂದು ಕೇಳಿದೆ. ಸಪ್ಲೈಯರ್‌ಗೆ ಗೊತ್ತಿರಲಿಲ್ಲ, ಒಳಗೆ ಹೋಗಿ ಡಬ್ಬವನ್ನೇ ಎತ್ತಿಕೊಂಡು ಬಂದರು. ಹಿಂದಿನ ಚೀಟಿಯಲ್ಲಿ ಮೈದಾ! ಡಬ್ಬ ತಂದು ತೋರಿಸಿದ್ದಕ್ಕೆ ನಿಜಕ್ಕೂ ಮೆಚ್ಚಿಕೊಂಡೆ, ಎಷ್ಟು ಹೋಟೆಲಿನಲ್ಲಿ ಹೀಗೆ ಮಾಡುತ್ತಾರೆ? ಭಟ್ಟರು ಸಾಂಬಾರ್ ಬೇಡ ಎಂದು ತಾವೇ ಹೇಳಿ, ಒಗ್ಗರಣೆ ಹಾಕದ ಕಾಯಿ ಚಟ್ನಿ ಬೇರೆ ತೆಗೆಸಿಕೊಟ್ಟರು. ರವೆ ಇಡ್ಲಿಯ ತಟ್ಟೆ ಬೇರೆ, ಅಕ್ಕಿ ಇಡ್ಲಿಯದು ಬೇರೆ ಎಂದೂ ಹೇಳಿದರು. (ರವೆ ಇಡ್ಲಿ ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಹುಟ್ಟಿದ್ದು ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ತಮ್ಮನ ಲೆಕ್ಕದಲ್ಲಿ ಯುದ್ಧ ಇನ್ನೂ ಮುಗಿದಿಲ್ಲ.)

ಆದರೆ ಅದಾದ ಮೇಲೆ ಹೋದಾಗ ನೋಡಿದರೆ ಮೆನು ಹಾಗೇ ಇದೆ. ಅದೇ ಸಾಂಬಾರ್, ಅದೇ "ಗ್ಲೂಟನ್ ಫ್ರೀ". ಹೇಳಿದೆ. "ಹೊಸ ಪ್ರಿಂಟ್‌ನಲ್ಲಿ ಸರಿ ಮಾಡ್ತೀವಿ ಸರ್" ಎಂದರು. ಒಂದು ಸ್ಕೆಚ್ ಪೆನ್ ಸಾಕಿತ್ತು. ನಮ್ಮ ದೇಶದ ನಿಯಮದಲ್ಲಿ ಗ್ಲೂಟನ್ ಫ್ರೀ ಎನ್ನಬೇಕಾದರೆ ಗ್ಲೂಟನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು, ಅದು ಕಾಯಿಲೆ ಇರುವವರಿಗಾಗಿ ಮಾಡಿದ ಲೆಕ್ಕ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಇಲ್ಲಿ ನಡೆಯುವುದಿಲ್ಲ. ವ್ರತ ತಪ್ಪಿದರೆ ಮನಸ್ಸಿಗೆ ನೋವು, ಅದು ಸಣ್ಣದು ಎಂದು ನಾನು ಹೇಳುತ್ತಿಲ್ಲ, ಆದರೆ ತಮ್ಮ ಆಮೇಲೆ ದಿನಗಟ್ಟಲೆ ಮಲಗುತ್ತಾನೆ. ಹತ್ತು ಅಥವಾ ಹೆಚ್ಚು ಶಾಖೆ ಇರುವ ಹೋಟೆಲ್‌ಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಲೇಬೇಕು ಎಂದು 2020ರ ಆಹಾರ ನಿಯಮ ಹೇಳುತ್ತದೆ. ಇವರದು ಒಂದೇ ಹೋಟೆಲ್, ಹಾಗಾಗಿ ಕಡ್ಡಾಯ ಅಲ್ಲ. ಬರೆಯದೇ ಇದ್ದಿದ್ದರೆ ನಾನು ಒಂದು ಸ್ಟಾರೂ ಕಡಿಮೆ ಮಾಡುತ್ತಿರಲಿಲ್ಲ. ಬರೆದು ತಪ್ಪು ಬರೆದಿದ್ದಾರೆ, ತಪ್ಪು ಎಂದು ಗೊತ್ತಾದ ಮೇಲೂ ಬಿಟ್ಟಿದ್ದಾರೆ. ಗ್ರೇವಿಗಳಲ್ಲಿ ಗೋಡಂಬಿ ಪೇಸ್ಟ್ ಇರುವುದೂ ಎಲ್ಲೂ ಬರೆದಿಲ್ಲ, ಗೋಡಂಬಿ ಆಗದವರು ಕೇಳಿಕೊಂಡೇ ಹೇಳಿ.

ಇನ್ನೊಂದು ಮಾತು, ಊಟದ್ದಲ್ಲ, ಕೂರುವ ಜಾಗದ್ದು. ಬೇರೊಂದು ಕಡೆ, ಹೆಸರು ಬೇಡ, ಗೆಳೆಯನ ಹೆಸರು ಕೇಳಿದ ಮೇಲೆ ನಮಗೆ ಒಳಗಿನ ಹಾಲ್ ಬಿಟ್ಟು ಹೊರಗೆ ಜಾಗ ತೋರಿಸಿದ್ದರು. ಒಳಗೆ ಅರ್ಧ ಖಾಲಿ ಇತ್ತು. ನಮ್ಮ ಹಳೆಯ ಹೋಟೆಲ್‌ಗಳಲ್ಲಿ ಪಂಕ್ತಿಭೇದ ಇದ್ದದ್ದು ಅಜ್ಜಂದಿರ ಕಾಲದ ಮಾತು ಎಂದುಕೊಂಡಿದ್ದೆ. ಧರ್ಮ, ಜಾತಿ ನೋಡಿ ಹೋಟೆಲಿಗೆ ಬಿಡದೆ ಇರುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿಯಲ್ಲೇ ಇದೆ, ಹೋಟೆಲ್ ಎನ್ನುವ ಪದವನ್ನೇ ಬಳಸಿ ಬರೆದಿದ್ದಾರೆ. ನಾವು ಅಲ್ಲಿಂದ ಎದ್ದು ಬಂದೆವು. ಈ ಹೋಟೆಲಿನಲ್ಲಿ ಹೆಸರು ಕೇಳುವುದು ವೇಟಿಂಗ್ ಲಿಸ್ಟಿಗೆ ಮಾತ್ರ.

ಹೋಗುವವರಿಗೆ: ವಾರದ ದಿನ ಹೋಗಿ, ಮಧ್ಯಾಹ್ನ ಮೂರರಿಂದ ಆರರ ತನಕ ಒಳಗಿನವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಏನಾದರೂ ವಿಶೇಷ ಬೇಕಿದ್ದರೆ ಬೆಳಿಗ್ಗೆಯೇ ಫೋನ್ ಮಾಡಿ, ಭಟ್ಟರನ್ನೇ ಕೇಳಿ. ಆ್ಯಪ್‌ನಲ್ಲಿ "ಜೈನ್" ಒತ್ತಿ ತರಿಸಬೇಡಿ, ಒಮ್ಮೆ ತರಿಸಿದಾಗ ಸಾಗುವಿನಲ್ಲಿ ಕ್ಯಾರೆಟ್ ಬಂತು. ಭಾನುವಾರ ಬೆಳಿಗ್ಗೆಯಂತೂ ಬೇಡವೇ ಬೇಡ, ಆ ನೂಕುನುಗ್ಗಲಿನಲ್ಲಿ ಕೇಳಿದ್ದು ಅಡುಗೆ ಮನೆ ತನಕ ಹೋಗುವುದೇ ಇಲ್ಲ. ಪಾರ್ಕಿಂಗ್ ಇಲ್ಲ, ಮೆಟ್ರೋದಲ್ಲಿ ಹೋಗಿ.