ಸಂಘ, ವಾಟ್ಸ್‌ಆ್ಯಪ್ ಗ್ರೂಪ್, ಬಿಸಿನೆಸ್ ಕ್ಲಬ್, ಗಿರಣಿ ಕಟ್ಟೆ: ಸಣ್ಣ ವ್ಯಾಪಾರಕ್ಕೆ ಯಾವುದು ಉಪಯೋಗ?

ಹುಬ್ಬಳ್ಳಿಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ, ಕಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುವ ಸಣ್ಣ ವ್ಯಾಪಾರ ನನ್ನದು. ಮಾಲು ಮಾಡುವುದು ಕಷ್ಟ ಅಲ್ಲವೇ ಅಲ್ಲ. ಉದ್ರಿ ವಸೂಲಿ, ಅವಧಿ ಮುಗಿದು ವಾಪಸ್ ಬರುವ ಪ್ಯಾಕೆಟ್ಟು, ಹಬ್ಬದ ಹೊತ್ತಿಗೇ ಕೈಕೊಡುವ ಕೆಲಸದವರು, ಬ್ಯಾಡಗಿ ಮೆಣಸಿನಕಾಯಿ ರೇಟು ಏರಿದಾಗ ನಮ್ಮ ಪ್ಯಾಕೆಟ್ ರೇಟೂ ಏರಿಸಬೇಕಾ ಬೇಡವಾ ಅನ್ನುವ ತಲೆಬಿಸಿ, ಇವು ಕಷ್ಟ. ಮನೆಯಲ್ಲಿ ಹೇಳಿದರೆ "ಹಂಗಾದ್ರ ಬಿಟ್ಟುಬಿಡು" ಅಂತಾರೆ. ಅದಕ್ಕೇ ಇದೇ ಪಾಡು ಪಡುವವರು ಎಲ್ಲಿ ಸಿಗುತ್ತಾರೆ ಅಂತ ಒಂದಷ್ಟು ಕಡೆ ಸೇರಿ ನೋಡಿದೆ. ಯಾವುದು ಯಾತಕ್ಕೆ ಆಗುತ್ತದೆ, ಯಾತಕ್ಕೆ ಆಗುವುದಿಲ್ಲ ಅಂತ ಹೇಳುತ್ತೇನೆ.

ಬಿಸಿನೆಸ್ ಕ್ಲಬ್ ವಿಷಯ ಬೇಗ ಮುಗಿಸಿಬಿಡೋಣ. ವರ್ಷಕ್ಕೆ ದೊಡ್ಡ ಫೀ, ವಾರಕ್ಕೊಮ್ಮೆ ಬೆಳಿಗ್ಗೆ ಏಳಕ್ಕೆ ಹೋಟೆಲ್ ಹಾಲ್‌ನಲ್ಲಿ ಸಭೆ, ಒಬ್ಬೊಬ್ಬರೂ ಎದ್ದು ಒಂದು ನಿಮಿಷ ತಮ್ಮ ಬಗ್ಗೆ ಹೇಳಬೇಕು, ಒಬ್ಬರು ಇನ್ನೊಬ್ಬರಿಗೆ ಗಿರಾಕಿ ಕಳಿಸಬೇಕು. ಇನ್ಶೂರೆನ್ಸ್, ಇಂಟೀರಿಯರ್, ಸೋಲಾರ್ ಕೆಲಸದವರಿಗೆ ಇದು ನಿಜಕ್ಕೂ ಚೆನ್ನಾಗಿದೆ, ಅವರಿಗೆ ಒಂದು ಗಿರಾಕಿ ಸಿಕ್ಕರೆ ಫೀ ವಸೂಲಾಗುತ್ತದೆ. ಎಂಬತ್ತು ರೂಪಾಯಿ ಪ್ಯಾಕೆಟ್ ಮಾರುವವರಿಗೆ ಲೆಕ್ಕ ಕೂಡುವುದಿಲ್ಲ. ಅದೂ ಅಲ್ಲದೆ ಏಳು ಗಂಟೆಗೆ ರೊಟ್ಟಿ ಬಡಿಯುವವರು ಬರುತ್ತಾರೆ, ಹಿಟ್ಟು ಅಳೆದು ಕೊಡುವುದು ಬಿಟ್ಟು ಟೈ ಕಟ್ಟಿದವರ ಮುಂದೆ ನಿಂತು ಭಾಷಣ ಮಾಡಲಾ?

ಮಹಿಳಾ ಸ್ವಸಹಾಯ ಸಂಘ ಬೇರೆಯೇ ಥರ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಶುರುವಾಯಿತು, ಈಗ ಯಾವ ಓಣಿಗೆ ಹೋದರೂ ಒಂದು ಸಂಘ ಇದ್ದೇ ಇದೆ. ದುಡ್ಡಿನ ವಿಷಯದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಮೆಣಸಿನಕಾಯಿ ಸೀಸನ್‌ನಲ್ಲಿ ರೇಟು ಇಳಿದಾಗ ವರ್ಷದ ಮಾಲು ತುಂಬಿಸಿಕೊಳ್ಳಬೇಕು ಅಂದರೆ ಕೈಯಲ್ಲಿ ಒಮ್ಮೆಗೇ ರೊಕ್ಕ ಬೇಕು. ಬ್ಯಾಂಕಿಗೆ ಅಲೆದು ಮುದ್ರಾ ಸಾಲ ಮಂಜೂರಾಗುವ ಹೊತ್ತಿಗೆ ರೇಟು ಮತ್ತೆ ಏರಿರುತ್ತದೆ. ಸಂಘದಲ್ಲಿ ಮುಂದಿನ ಸಭೆಗೇ ಕೊಡುತ್ತಾರೆ. ಆದರೆ ವ್ಯಾಪಾರದ ಮಾತು ಅಲ್ಲಿ ಕಡಿಮೆ. ಕಂತು, ಬಡ್ಡಿ, ಸಹಿ, ಮುಗೀತು. ಒಬ್ಬರು ಹಪ್ಪಳದಲ್ಲಿ ನಾಲ್ಕು ಕಾಸು ಕಂಡರೆ ಮುಂದಿನ ತಿಂಗಳು ಐದು ಮನೆಯಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಹಾಗಾಗಿ ಹೊಸ ಐಟಂ ಯೋಚನೆ ಇದ್ದರೆ ಅಲ್ಲಿ ಬಾಯಿ ಬಿಡದಿರುವುದೇ ಒಳ್ಳೇದು.

ವಾಟ್ಸ್‌ಆ್ಯಪ್ ಗ್ರೂಪ್ ಸುದ್ದಿಗೆ ಸರಿ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ ಮೇಲಿನ ಶೇ 5 ಜಿಎಸ್‌ಟಿ ಸೊನ್ನೆ ಆಗುತ್ತದೆ ಅನ್ನುವುದು ನನಗೆ ಮೊದಲು ಗೊತ್ತಾಗಿದ್ದು ಗ್ರೂಪಿನಿಂದಲೇ. ಆದರೆ ಅದೇ ವರ್ಷದ ಜುಲೈನಲ್ಲಿ ಏನಾಯಿತು ನೆನಪಿದೆಯಲ್ವಾ? ಯುಪಿಐನಲ್ಲಿ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿದಾಗ ಗ್ರೂಪಿನಲ್ಲಿ ರಾತ್ರಿಯೆಲ್ಲಾ "ಕ್ಯೂಆರ್ ಕೋಡ್ ಕಿತ್ತುಹಾಕಿ", "ಕ್ಯಾಶ್ ಮಾತ್ರ ತಗೊಳ್ಳಿ" ಅಂತ ಫಾರ್ವರ್ಡ್ ಮೇಲೆ ಫಾರ್ವರ್ಡ್. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಆಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಅದನ್ನು ಲೆಕ್ಕ ಮಾಡುವಾಗ ಕ್ಯಾಶೂ ಸೇರುತ್ತದೆ, ಕೋಡ್ ಕಿತ್ತರೆ ಏನೂ ಬದಲಾಗುವುದಿಲ್ಲ ಅಂತ ಒಬ್ಬರೂ ಹೇಳಲಿಲ್ಲ. ಹೇಳಿದ್ದರೂ ಗುಡ್ ಮಾರ್ನಿಂಗ್ ಫೋಟೋಗಳ ಮಧ್ಯೆ ಕಳೆದುಹೋಗುತ್ತಿತ್ತು ಬಿಡಿ.

ಅಂಥ ಹೊತ್ತಿಗೆ ಬೇಕಾಗುವುದು ದೊಡ್ಡ ಸಂಸ್ಥೆಗಳು. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ 1928ರಿಂದ ಇದೆ, ಬೆಂಗಳೂರಿನಲ್ಲಿ ಸಣ್ಣ ಕೈಗಾರಿಕೆಯವರ ಸಂಘ ಕಾಸಿಯಾ ಇದೆ, ಮಹಿಳಾ ಉದ್ಯಮಿಗಳಿಗೆ ಅಂತಲೇ 1983ರಲ್ಲಿ ಶುರುವಾದ ಅವೇಕ್ ಇದೆ. ಸರ್ಕಾರದ ಜೊತೆ ಮಾತಾಡಲು ಲೆಟರ್‌ಹೆಡ್ ಬೇಕು, ಅದು ಇವರ ಹತ್ತಿರ ಇದೆ. ತರಬೇತಿಗಳೂ ಪರವಾಗಿಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪುಕ್ಕಟೆ ಅಂತ ನನಗೆ ತಿಳಿದಿದ್ದು ಇಂಥ ಒಂದು ತರಬೇತಿಯಲ್ಲೇ. ನೋಂದಣಿ ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಲು ಹಬ್ಬ. ಆದರೆ ಓಣಿಯ ಕಿರಾಣಿ ಅಂಗಡಿಯವರ ಮೇಲೆ ಯಾರಾದರೂ ದೂರು ಹಾಕುತ್ತಾರಾ? ಹಾಕಿದ ಮರುದಿನ ನಮ್ಮ ಪ್ಯಾಕೆಟ್ ಜಾಗದಲ್ಲಿ ಬೇರೆಯವರ ಪ್ಯಾಕೆಟ್ ಕೂತಿರುತ್ತದೆ.

ಇನ್ನು ಗಿರಣಿ ಕಟ್ಟೆ. ಖಾರ ಕುಟ್ಟಿಸುವ ಗಿರಣಿಯಲ್ಲಿ ಪಾಳಿ ಅಂದರೆ ಪಾಳಿ. ಮೊದಲಿನವರ ಮೆಣಸಿನಕಾಯಿ ಮುಗಿಯಬೇಕು, ಯಂತ್ರ ಕೊಡವಿ ಒರೆಸಬೇಕು, ಆಮೇಲೆ ನಮ್ಮ ಡಬ್ಬಿ. ಅಲ್ಲಿವರೆಗೂ ಸೆರಗು ಮೂಗಿಗೆ ಒತ್ತಿಕೊಂಡು, ಸೀನುತ್ತಾ, ಹೊರಗಿನ ಕಟ್ಟೆ ಮೇಲೆ ಕೂರುವುದು. ಅಲ್ಲಿ ಕೂತವರಲ್ಲಿ ಅರ್ಧ ಜನ ನಮ್ಮಂಥವರೇ. ಫೀ ಇಲ್ಲ, ಅಧ್ಯಕ್ಷರಿಲ್ಲ, ಫೋಟೋ ಇಲ್ಲ.

ಅಲ್ಲಿ ಸಿಗುವುದು ಗ್ರೂಪಿನಲ್ಲಿ ಯಾರೂ ಟೈಪ್ ಮಾಡದ ಮಾತು. "ಆ ಅಂಗಡಿಗೆ ಮಾಲು ಹಾಕಬ್ಯಾಡ್ರಿ ವೈನಿ, ದೀಪಾವಳಿದ್ ರೊಕ್ಕ ಯುಗಾದಿಗೂ ಬರಂಗಿಲ್ಲ" ಅಂತ ಬರೆದು ಕಳಿಸಿದರೆ ಸ್ಕ್ರೀನ್‌ಶಾಟ್ ಸೀದಾ ಅಂಗಡಿಯವರ ಕೈಗೆ ಹೋಗುತ್ತದೆ. ಕಟ್ಟೆ ಮೇಲೆ ಹೇಳಿದ್ದು ಕಟ್ಟೆ ಮೇಲೇ ಉಳಿಯುತ್ತದೆ. ಬಿಲ್ ಟು ಬಿಲ್ ಮಾಡುವುದನ್ನು, ಅಂದರೆ ಹಳೇ ಬಿಲ್ಲಿನ ದುಡ್ಡು ಕೊಟ್ಟರಷ್ಟೇ ಹೊಸ ಮಾಲು ಇಳಿಸುವುದನ್ನು, ಗಿರಾಕಿ ಮುನಿಸಿಕೊಳ್ಳದ ಹಾಗೆ ಹೇಗೆ ಹೇಳಬೇಕು ಅಂತ ಕಲಿಸಿದ್ದು ಅಲ್ಲಿನ ಒಬ್ಬ ಅಕ್ಕ. "ಮನೆಯವರು ಲೆಕ್ಕ ಕೇಳ್ತಾರ್ರಿ ಅಂತ ಗಂಡನ ಮ್ಯಾಲೆ ಹಾಕಿಬಿಡು" ಅಂದರು. ಪಾಪ ಅವರ ಯಜಮಾನರಿಗೆ ಎಷ್ಟು ಪ್ಯಾಕೆಟ್ ಹೋಗುತ್ತದೆ ಅಂತಲೂ ಗೊತ್ತಿಲ್ಲ! ಇನ್ನೊಂದು ಸಲ ಒಂದೇ ಅಂಗಡಿಗೆ ಮಾಲು ಹಾಕುವ ಮೂವರು ಒಟ್ಟಿಗೇ "ಇಲಿ ಕಡಿದ ಪ್ಯಾಕೆಟ್ ವಾಪಸ್ ತಗೊಳ್ಳಲ್ಲ" ಅಂದೆವು. ಒಬ್ಬಳೇ ಹೇಳಿದ್ದರೆ ನಡೆಯುತ್ತಿರಲಿಲ್ಲ, ಮೂವರಿಗೂ ನಡೆಯಿತು.

ಕಟ್ಟೆಗೂ ಮಿತಿ ಇದೆ. ಸ್ವಂತ ರೇಟು, ಮಾಲು ಎಲ್ಲಿಂದ ತರುತ್ತೀರಿ ಅನ್ನುವುದು, ಇವನ್ನು ಯಾರೂ ಬಿಟ್ಟುಕೊಡುವುದಿಲ್ಲ, ಕೊಡಬೇಕು ಅಂತ ನಿರೀಕ್ಷಿಸುವುದೂ ತಪ್ಪು. ತೆರಿಗೆ ವಿಷಯದಲ್ಲಿ ಗ್ರೂಪಿನಷ್ಟೇ ಅರೆಬರೆ ಜ್ಞಾನ, ಅದಕ್ಕೆ ಲೆಕ್ಕಪತ್ರ ನೋಡುವವರ ಫೀ ಕೊಡುವುದೇ ಲೇಸು.

ನಾನು ಈಗ ಸಂಘದ ಕಂತು ಬಿಟ್ಟಿಲ್ಲ, ಗ್ರೂಪ್ ಮ್ಯೂಟ್ ಮಾಡಿ ಇಟ್ಟಿದ್ದೇನೆ, ಕ್ಲಬ್ ಬಿಟ್ಟಿದ್ದೇನೆ, ದೊಡ್ಡ ಸಂಸ್ಥೆಯ ತರಬೇತಿ ಇದ್ದಾಗ ಹೋಗುತ್ತೇನೆ. ಒಂದನ್ನೇ ಇಟ್ಟುಕೋ ಅಂದರೆ ಮಾತ್ರ ಗಿರಣಿ. ನಿಮ್ಮ ಧಂದೆಗೆ ಗಿರಣಿ ಇಲ್ಲದಿದ್ದರೆ ಪ್ಯಾಕಿಂಗ್ ಕವರ್ ಮಾರುವ ಅಂಗಡಿ, ಲೇಬಲ್ ಪ್ರಿಂಟ್ ಮಾಡುವಲ್ಲಿ, ಕೊರಿಯರ್ ಕೌಂಟರ್, ಎಲ್ಲಿ ನಿಮ್ಮಂಥವರು ಕಾಯುತ್ತಾ ನಿಲ್ಲುತ್ತಾರೋ ಅಲ್ಲಿ ಮಾತಿಗೆ ಎಳೆಯಿರಿ. ಮೊದಲ ದಿನವೇ ರೇಟು ಕೇಳಬೇಡಿ. ವಾಪಸ್ ಬಂದ ಮಾಲು ಏನು ಮಾಡುತ್ತೀರಿ ಅಂತ ಕೇಳಿ, ಅರ್ಧ ಗಂಟೆ ಅವರೇ ಮಾತಾಡುತ್ತಾರೆ.