ಬಿಎಂಡಬ್ಲ್ಯು ಎಕ್ಸ್5 30ಡಿ: ಕಲಬುರಗಿಯ ಬಿಸಿಲು, ಧೂಳಿಗೆ ಈ ಡೀಸೆಲ್ ಎಂಜಿನ್ ಒಗ್ಗುತ್ತದೆಯೇ?

ದಿನಾ ಮನೆಯಿಂದ ಗಂಜ್‌ಗೆ, ಗಂಜ್‌ನಿಂದ ಸೂಪರ್ ಮಾರ್ಕೆಟ್‌ಗೆ ಓಡಾಡಲಿಕ್ಕೆ ಎಕ್ಸ್5 ಬೇಕೆನ್ನುವವರು ಡೀಸೆಲ್ ಬಿಟ್ಟು ಪೆಟ್ರೋಲಿನ 40ಐ ಕೊಳ್ಳುವುದು ಮೇಲು. ವಾರಕ್ಕೊಮ್ಮೆಯಾದರೂ ಹೈದರಾಬಾದ್, ಸೊಲ್ಲಾಪುರ, ವಿಜಯಪುರದ ಕಡೆ ಗಾಡಿ ಹೋಗುತ್ತದೆ ಎಂದಾದರೆ ಮಾತ್ರ 30ಡಿ ಕೊಳ್ಳಿ. ಆಗ ಅದಕ್ಕೆ ಸಾಟಿ ಸಿಗುವುದು ಕಷ್ಟ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. 2023ರ ಜುಲೈನಲ್ಲಿ ಹೊಸ ರೂಪ ಬಂದಾಗ ಡೀಸೆಲ್‌ನ ಎಕ್ಸ್‌ಲೈನ್ ಎಂಬ ಮಾದರಿಗೆ ಶೋರೂಂ ದರ 95.90 ಲಕ್ಷ ಇತ್ತು, ಪೆಟ್ರೋಲಿಗೆ ಎರಡು ಲಕ್ಷ ಕಡಿಮೆ. ಆದ್ದರಿಂದ ಗಾಡಿ ಎಲ್ಲೆಲ್ಲಿ ಓಡುತ್ತದೆ ಎಂಬುದರ ಮೇಲೆ ಆಯ್ಕೆ ಮಾಡಿ.

ಎಂಜಿನ್ ಹೆಸರು ಬಿ57. 2993 ಸಿಸಿ, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 286 ಎಚ್‌ಪಿ. ಪೆಟ್ರೋಲ್ ಎಂಜಿನ್ 381 ಎಚ್‌ಪಿ ಕೊಟ್ಟರೂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 520 ಎನ್‌ಎಂಗೆ ನಿಲ್ಲುತ್ತದೆ. ಡೀಸೆಲ್ 650 ಎನ್‌ಎಂ ಕೊಡುತ್ತದೆ, ಅದೂ 1500 ಆರ್‌ಪಿಎಂನಿಂದಲೇ. ಹುಮ್ನಾಬಾದ್ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ದಾಟುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಗೇರ್‌ಬಾಕ್ಸ್ ಎರಡು ಗೇರ್ ಕೆಳಗಿಳಿಸುವ ಮೊದಲೇ ಗಾಡಿ ಮುಂದೆ ಹೋಗಿರುತ್ತದೆ. ಸೊನ್ನೆಯಿಂದ ನೂರಕ್ಕೆ ಕಂಪನಿ ಹೇಳುವ ಸಮಯ 6.1 ಸೆಕೆಂಡ್. ನೇರ ಆರು ಸಿಲಿಂಡರಿನಲ್ಲಿ ಪಿಸ್ಟನ್‌ಗಳ ಎಳೆತ ಒಂದನ್ನೊಂದು ಸರಿದೂಗಿಸುವುದರಿಂದ ನಡುಕ ಬಹಳ ಕಡಿಮೆ. 48 ವೋಲ್ಟ್‌ನ ಸ್ಟಾರ್ಟರ್ ಜನರೇಟರ್ ಇರುವುದರಿಂದ ಸಿಗ್ನಲ್‌ನಲ್ಲಿ ಎಂಜಿನ್ ನಿಂತು ಹೊರಡುವುದೂ ಗೊತ್ತಾಗುವುದಿಲ್ಲ. ನೂರರ ವೇಗದಲ್ಲಿ ಎಂಟನೇ ಗೇರಿಗೆ ಬಿದ್ದರೆ ಮೀಟರ್ 1500ರ ಒಳಗೇ ಇರುತ್ತದೆ. ಇಷ್ಟು ಭಾರದ ಗಾಡಿಯಲ್ಲಿ ಇಷ್ಟು ನಿರಾಳವಾಗಿ ಓಡುವ ಡೀಸೆಲ್ ಅಪರೂಪ.

ಊರೊಳಗಿನ ಓಡಾಟಕ್ಕೆ ಇದು ಬೇಡವೆನ್ನಲು ಕಾರಣ ಡಿಪಿಎಫ್, ಅಂದರೆ ಸೈಲೆನ್ಸರ್ ದಾರಿಯಲ್ಲಿ ಕೂತು ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದು ತುಂಬಿದಂತೆಲ್ಲ ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಸಿಂಪಡಿಸಿ ಒಳಗಿನ ಬಿಸಿಯನ್ನು 600 ಡಿಗ್ರಿ ಸುತ್ತಮುತ್ತ ಏರಿಸಿ ಮಸಿ ಸುಡುತ್ತದೆ. ಇದಕ್ಕೆ ಹದಿನೈದು, ಇಪ್ಪತ್ತು ನಿಮಿಷದ ಬಿಡುವಿಲ್ಲದ ಓಟ ಬೇಕು. ಜಗತ್ ಸರ್ಕಲ್‌ನಿಂದ ರಿಂಗ್ ರೋಡ್‌ವರೆಗೆ ಹೋಗುವಷ್ಟರಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತು, ಮರುದಿನ ಮತ್ತೆ ಶುರುವಾಗಿ, ಮತ್ತೆ ನಿಲ್ಲುತ್ತದೆ. ಹಾಗೆ ನಿಂತಾಗಲೆಲ್ಲ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳುವಾದರೆ ಟರ್ಬೊ, ಬೇರಿಂಗ್ ಎರಡಕ್ಕೂ ಕುತ್ತು.

ಮಸಿ ಸುಡುತ್ತಿದೆ ಎಂದು ತೋರಿಸುವ ದೀಪ ಡ್ಯಾಶ್‌ಬೋರ್ಡ್‌ನಲ್ಲಿಲ್ಲ. ಗಾಡಿ ನಿಲ್ಲಿಸಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗದಿದ್ದರೆ, ಹಿಂದಿನಿಂದ ಸುಟ್ಟ ವಾಸನೆ ಬಂದರೆ ಆ ಕೆಲಸ ನಡೆದಿದೆ ಎಂದು ತಿಳಿಯಬಹುದು. ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಓಬಿಡಿ ಅಡಾಪ್ಟರ್ ಚುಚ್ಚಿ ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಫಿಲ್ಟರಿನಲ್ಲಿ ಎಷ್ಟು ಗ್ರಾಂ ಮಸಿ ಇದೆ, ಕಳೆದ ಸಲ ಸುಟ್ಟು ಎಷ್ಟು ಕಿ.ಮೀ. ಆಯಿತು ಎಂಬುದೂ ಸಿಗುತ್ತದೆ. ಗಾಡಿ ಊರೊಳಗೇ ಇದ್ದ ವಾರ ಹೀಗೆ ಮಾಡಿ: ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಹುಮ್ನಾಬಾದ್ ರಸ್ತೆ ಹಿಡಿದು ಕಮಲಾಪುರದ ತನಕ, ಅಂದರೆ ಸುಮಾರು 40 ಕಿ.ಮೀ., ಹೋಗಿ ಬನ್ನಿ. ಗೇರ್ ಲಿವರನ್ನು ಸ್ಪೋರ್ಟ್‌ಗೆ ಹಾಕಿ, ಆರನೇ ಗೇರಿನಲ್ಲಿ 2000 ಆರ್‌ಪಿಎಂ ಆಸುಪಾಸು ಹಿಡಿದು ಓಡಿಸಿ. ಎಂಟನೇ ಗೇರಿನಲ್ಲಿ ಮೆಲ್ಲಗೆ ತೇಲಿಸಿದರೆ ಹೊಗೆ ಅಷ್ಟು ಕಾಯುವುದಿಲ್ಲ.

ಆಯಿಲ್ ಸುಮಾರು ಆರೂವರೆ ಲೀಟರ್ ಹಿಡಿಯುತ್ತದೆ. ಕಡ್ಡಿ ಎಳೆದು ನೋಡಲು ಬರುವುದಿಲ್ಲ, ಸೆನ್ಸರ್ ಅಳತೆಯನ್ನು ಪರದೆಯ ಮೇಲೆ ನೋಡಬೇಕು. ತಿಂಗಳಿಗೊಮ್ಮೆ ಎಂಜಿನ್ ಬಿಸಿ ಇರುವಾಗ, ಸಮತಟ್ಟು ಜಾಗದಲ್ಲಿ ನೋಡಿ. ಮಟ್ಟ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ. ಈ ಗಾಡಿಯಲ್ಲಿ ಮಟ್ಟ ಏರಿದರೆ ಹೆಚ್ಚು ಗಾಬರಿಯಾಗಬೇಕು, ಏಕೆಂದರೆ ಅದು ಡೀಸೆಲ್ ಬೆರೆತ ಗುರುತು. ಗಾಡಿ ತೋರಿಸುವ ಗಡುವಿಗೆ ಕಾಯದೆ ಈ ಭಾಗದಲ್ಲಿ 10,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಆಯಿಲ್ ಬದಲಿಸಿ. ಡಬ್ಬಿಯ ಮೇಲೆ ಬಿಎಂಡಬ್ಲ್ಯುನ ಲಾಂಗ್‌ಲೈಫ್-04 ಅಥವಾ ನಿಮ್ಮ ಕೈಪಿಡಿಯಲ್ಲಿ ಬರೆದಿರುವ ದರ್ಜೆಯೇ ಇರಬೇಕು. ಬೇರೆ ಆಯಿಲ್ ಸುಟ್ಟಾಗ ಉಳಿಯುವ ಬೂದಿ ಹೆಚ್ಚು. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಅದು ಡಿಪಿಎಫ್‌ನಲ್ಲೇ ಕೂರುತ್ತದೆ.

ಹೊಗೆಯ ವಿಷ ತಗ್ಗಿಸಲು ಬೇರೆ ಟ್ಯಾಂಕಿಗೆ ತುಂಬಿಸುವ ಆ್ಯಡ್‌ಬ್ಲೂ ವಿಚಾರದಲ್ಲಿ ನಮ್ಮ ಬಿಸಿಲು ನೇರ ತೊಂದರೆ ಕೊಡುತ್ತದೆ. ಅದು 32.5 ಶೇಕಡಾ ಯೂರಿಯಾ ಇರುವ ನೀರು. 30 ಡಿಗ್ರಿಯೊಳಗೆ ಇಟ್ಟರೆ ಒಂದು ವರ್ಷ ಕೆಡುವುದಿಲ್ಲ, 35 ಡಿಗ್ರಿಯಲ್ಲಿ ಆರೇ ತಿಂಗಳು. ಮೇ ತಿಂಗಳಲ್ಲಿ 43 ಡಿಗ್ರಿ ಕಾಯುವ ಊರಿನ ಪತ್ರಾಸ್ ಶೆಡ್‌ನಲ್ಲಿ ಅಷ್ಟೂ ಬಾಳುವುದಿಲ್ಲ. ಲಾರಿಗಳಿಗೆ ಮಾರುವ ಡಬ್ಬಿಯೂ ನಡೆಯುತ್ತದೆ, ಐಎಸ್‌ಒ 22241 ಗುರುತು ಮತ್ತು ಈಚಿನ ತಾರೀಖು ಇರಬೇಕಷ್ಟೆ. ಚೆನ್ನಾಗಿ ಮಾರಾಟವಾಗುವ ಕಡೆಯಿಂದ ತಂದು ಅಂದೇ ತುಂಬಿಸಿ, ಉಳಿದದ್ದನ್ನು ಕೂಡಿಡಬೇಡಿ. ಖಾಲಿಯಾಗುವ ಬಹಳ ಮೊದಲೇ ಗಾಡಿ ಎಚ್ಚರಿಸುತ್ತದೆ. ಪೂರ್ತಿ ಖಾಲಿಯಾದ ಮೇಲೆ ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆ್ಯಡ್‌ಬ್ಲೂವನ್ನು ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಇಗ್ನಿಷನ್ ಮುಟ್ಟಬೇಡಿ, ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಿ.

ಸೇಡಂ, ವಾಡಿ, ಮಳಖೇಡ ಕಡೆ ಓಡಾಡುವ ಗಾಡಿಗಳಿಗೆ ಸಿಮೆಂಟ್ ಧೂಳು ಬೇರೆಯೇ ಕಾಟ. ತೊಗರಿ ರಾಶಿಯ ಕಾಲಕ್ಕೆ ಹೊಟ್ಟೂ ಸೇರುತ್ತದೆ. ರೇಡಿಯೇಟರ್, ಇಂಟರ್‌ಕೂಲರ್, ಎಸಿ ಕಂಡೆನ್ಸರ್ ನಡುವೆ ಅದು ಕೂತು ನೀರು ತಾಗಿದರೆ ಗಟ್ಟಿಯಾಗುತ್ತದೆ. ಮೊದಲು ಒಣಗಿದ್ದಾಗಲೇ ಮೆತ್ತನೆ ಬ್ರಷ್‌ನಿಂದ ತೆಗೆದು, ಆಮೇಲೆ ಕಡಿಮೆ ಒತ್ತಡದ ನೀರನ್ನು ಎಂಜಿನ್ ಬದಿಯಿಂದ ಹೊರಕ್ಕೆ ಹಾಯಿಸಬೇಕು. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಏರ್ ಫಿಲ್ಟರ್ ಪ್ರತಿ 5000 ಕಿ.ಮೀ.ಗೆ ತೆಗೆದು ನೋಡಿ. ಕೊಳೆಯಾಗಿದ್ದರೆ ಊದಿಸಿ ಹಾಕದೆ ಹೊಸದು ಹಾಕಿ.

ಇಂಜೆಕ್ಟರ್‌ಗಳಿಗೆ ಡೀಸೆಲ್ ಹೋಗುವ ಒತ್ತಡ 2500 ಬಾರ್ ಮುಟ್ಟುತ್ತದೆ. ಆ ಒತ್ತಡ ಕೊಡುವ ಪಂಪಿನ ಭಾಗಗಳು ಸವೆಯದಂತೆ ಕಾಯುವ ಎಣ್ಣೆಯೂ ಡೀಸೆಲೇ. ನೀರು ಅಥವಾ ಕಲಬೆರಕೆ ಸೇರಿದರೆ ಪಂಪ್ ಸವೆದು, ಲೋಹದ ಪುಡಿ ಆರೂ ಇಂಜೆಕ್ಟರ್‌ಗಳವರೆಗೆ ಹೋಗುತ್ತದೆ. ಆಗ ಪಂಪ್, ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ರೈಲ್ ಎಂಬ ಕೊಳವೆ, ಇಂಜೆಕ್ಟರ್ ಎಲ್ಲವನ್ನೂ ಬದಲಿಸಬೇಕು, ಖರ್ಚು ಲಕ್ಷಗಳಲ್ಲಿ. ಹೊಲದ ಬ್ಯಾರಲ್‌ನ ಡೀಸೆಲ್ ಟ್ರ್ಯಾಕ್ಟರಿಗೆ ನಡೆದೀತು, ಇದಕ್ಕೆ ಬೇಡವೇ ಬೇಡ.

ಕೂಲಂಟ್ ಕಡಿಮೆಯಾಗುತ್ತಿದೆ, ಕೆಳಗೆ ಹನಿ ಕಾಣುತ್ತಿಲ್ಲ ಎಂದಾದರೆ ಇಜಿಆರ್ ಕೂಲರ್, ಅಂದರೆ ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಭಾಗ, ತೋರಿಸಿ. ಬಿಎಂಡಬ್ಲ್ಯು ತನ್ನ ಹಿಂದಿನ ಪೀಳಿಗೆಯ ಡೀಸೆಲ್ ಗಾಡಿಗಳನ್ನು 2018ರಲ್ಲಿ ಲಕ್ಷಗಟ್ಟಲೆ ವಾಪಸ್ ಕರೆಸಿದ್ದು ಈ ಭಾಗದ ಸೋರಿಕೆಗೇ. ಸೋರಿದ ಕೂಲಂಟಿನ ಗ್ಲೈಕಾಲ್ ಮಸಿಯೊಂದಿಗೆ ಸೇರಿ, ಬಿಸಿಗೆ ಹೊತ್ತಿಕೊಂಡು, ಪ್ಲಾಸ್ಟಿಕ್ ಇನ್‌ಟೇಕ್ ಕರಗುವ ಅಪಾಯವಿತ್ತು. ಹೊಸ ಗಾಡಿಯಲ್ಲೂ ಕೂಲಂಟ್ ಸುಮ್ಮನೆ ತುಂಬಿಸುತ್ತ ಓಡಿಸಬಾರದು.

ಅಧಿಕೃತ ಸರ್ವಿಸ್‌ಗೆ ಹೈದರಾಬಾದ್‌ವರೆಗೆ, ಸುಮಾರು 220 ಕಿ.ಮೀ., ಹೋಗಬೇಕು. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಕೆಲಸವನ್ನು ಸ್ಕ್ಯಾನರ್ ಇರುವ ಒಳ್ಳೆಯ ಮಿಸ್ತ್ರಿ ಇಲ್ಲೇ ಮಾಡಬಲ್ಲ, ಆದರೆ ವಾರಂಟಿ ಇರುವತನಕ ಹೊರಗೆ ಕೊಡಬೇಡಿ. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು ಎಂಬ ಮಾತು ನಂಬಬೇಡಿ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ ಬದಲಿಸಲು ಹೇಳುತ್ತದೆ. ಮಟ್ಟ ನೋಡುವಾಗ ಆ ಆಯಿಲ್ 30ರಿಂದ 50 ಡಿಗ್ರಿಯೊಳಗೆ ಇರಬೇಕು. ಬೇಸಿಗೆಯಲ್ಲಿ ಈ ಕೆಲಸ ಬೆಳಗ್ಗೆಯೇ ಆಗಬೇಕು.

ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ, ಇನ್ನೂ 50 ಎಚ್‌ಪಿ ಪಡೆಯಿರಿ ಎನ್ನುವವರ ಮಾತಿಗೆ ಹೋಗಬೇಡಿ. ಹೆಚ್ಚು ಡೀಸೆಲ್ ಎಂದರೆ ಹೆಚ್ಚು ಮಸಿ, ವಾರಂಟಿಯೂ ಹೋಗುತ್ತದೆ. ಡಿಪಿಎಫ್ ಕಿತ್ತುಹಾಕಿಸುವುದು ಕಾನೂನಿಗೂ ವಿರುದ್ಧ, ಹಿಂದೆ ಬರುವವರ ಉಸಿರಿಗೂ ಅನ್ಯಾಯ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡ್ ಎಂಜಿನ್ನಿನ ಹಿಂಬದಿಯ ಸದ್ದಿಗೆ ಕಿವಿಗೊಡಿ. ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಬದಿಗಿದೆ. ಅಲ್ಲಿ ಗರಗರ ಎಂದರೆ ಆ ಕೆಲಸಕ್ಕೆ ಗೇರ್‌ಬಾಕ್ಸ್ ಅಥವಾ ಎಂಜಿನ್ನೇ ಇಳಿಸಬೇಕಾಗುತ್ತದೆ. ಆಮೇಲೆ ಓಬಿಡಿಯಲ್ಲಿ ಮಸಿಯ ಗ್ರಾಂ ಮತ್ತು ಬೂದಿಯ ಲೆಕ್ಕ ತೆಗೆಸಿ, ಕಾಗದದ ಮೇಲೆ ಪಡೆಯದೆ ಮುಂಗಡ ಕೊಡಬೇಡಿ.